ಹೆಂಜೇರಿನ ಸೊಸೆ

ಗಂಗರ ಮನೆಯಲ್ಲಿ ಹುಟ್ಟಿ ನೊಳಂಬರ ಮನೆ ತುಂಬಿದವಳು ಜಾಯಬ್ಬೆ. ತಂದೆ ಬೆಸೆದ ನಂಟು, ಅಣ್ಣ ಕಾಪಾಡಿದ ನಂಟು, ಅಣ್ಣನ ಮೊಮ್ಮಗನ ಕಾಲಕ್ಕೆ ಕತ್ತಿಯ ಮೊನೆಗೆ ಬಂದು ನಿಂತಿತು. ಚಳ್ಳಕೆರೆ, ಮೊಳಕಾಲ್ಮೂರುಗಳ ಬಯಲನ್ನಾಳಿದ ಒಂದು ಸಣ್ಣ ಅರಸುಮನೆಯ ಹೆಣ್ಣುಮಕ್ಕಳ ಕಥೆ.

ವೈಶಾಖದ ಲಗ್ನಗಳು ಸಮೀಪಿಸಿದಂತೆ ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ, ಬಿಸಿಲೇರುವುದಕ್ಕೆ ಎಷ್ಟೋ ಮುಂಚೆಯೇ, ಮನೆಮನೆಯ ಒಳಗಿನಿಂದ ಮಗ್ಗದ ಸದ್ದು ಕೇಳಿಬರತೊಡಗುತ್ತದೆ. ಗುಂಡಿಯೊಳಗೆ ಕಾಲಿಳಿಬಿಟ್ಟು ಕುಳಿತ ನೇಕಾರನು ಒಡಲಿನ ಬಣ್ಣಕ್ಕೊಂದು, ಆಚೀಚೆಯ ಅಂಚುಗಳಿಗೆ ಒಂದೊಂದು, ಹೀಗೆ ಮೂರು ಲಾಳಿಗಳನ್ನು ನಡೆಸುತ್ತಾನೆ. ಒಡಲೂ ಅಂಚೂ ಕೂಡುವ ಗೆರೆಯಲ್ಲಿ ಒಂದು ಬಣ್ಣದ ನೂಲು ಇನ್ನೊಂದನ್ನು ಹಿಡಿದುಕೊಂಡೇ ಹಿಂದಿರುಗಬೇಕು. ನೇಕಾರರು 'ಕುಟ್ಟು' ಎನ್ನುವ ಈ ಹಿಡಿತವು ಎಲ್ಲಿ ಸಡಿಲುವುದೋ ಅಲ್ಲಿಯೇ ಸೀರೆ ಬಿಡುತ್ತದೆ.

ಧಾರೆಯ ಸೀರೆ ಕೊಳ್ಳಲು ಬಂದ ತಾಯಿ ಮೊದಲು ಬೆರಳಾಡಿಸಿ ನೋಡುವುದು ಆ ಗೆರೆಯನ್ನೇ. ಅವಳು ಸೀರೆಯನ್ನು ಪರೀಕ್ಷಿಸುತ್ತಿರುವಾಗ ಜೊತೆಗೆ ಬಂದವರಲ್ಲಿ ಯಾರಾದರೊಬ್ಬರು ಈ ಸೀಮೆಯಲ್ಲಿ ತಪ್ಪದೆ ಕೇಳುವ ಪ್ರಶ್ನೆಯೊಂದನ್ನು ಕೇಳಿಯೇ ಕೇಳುತ್ತಾರೆ: 'ಹುಡುಗೀನ ಎಲ್ಲಿಗೆ ಕೊಟ್ರಿ? ಹಳೇ ಸಂಬಂಧವೋ, ಹೊಸದೋ?'

ಸಾವಿರದ ನೂರೆಂಬತ್ತು ವರ್ಷಗಳಿಗೂ ಹಿಂದೆ ಗಂಗವಾಡಿಯ ಅರಸ ರಾಜಮಲ್ಲನನ್ನು ಯಾರಾದರೂ ಹೀಗೆಯೇ ಕೇಳಿದ್ದರೆ ಆತನು ಹೆಂಜೇರಿಗೆ ಕೊಟ್ಟೆನೆಂದೂ, ಸಂಬಂಧವು ಹಳೆಯದೇ ಎಂದೂ ಹೇಳಬೇಕಾಗುತ್ತಿದ್ದಿತು.

ಹೆಂಜೇರೆಂಬುದು ಇಂದಿನ ಹೇಮಾವತಿ. ಹಿರಿಯೂರು ಸೀಮೆಯ ಧರ್ಮಪುರವನ್ನು ಹಾದು ಗಡಿಯಾಚೆಗೆ ಹೋದರೆ, ಆಂಧ್ರದ ಮಡಕಶಿರಾ ಪ್ರಾಂತದಲ್ಲಿ, ಇಂದಿಗೂ ಕನ್ನಡವು ಮನೆಮಾತಾಗಿ ಕೇಳಿಬರುವ ನೆಲದಲ್ಲಿ ಸಿಗುವ ಸಣ್ಣ ಊರು. ಒಂದು ಕಾಲಕ್ಕೆ ಇದು ನೊಳಂಬರ ರಾಜಧಾನಿ. ಇಂದಿನ ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನೂ ಬಳ್ಳಾರಿ, ಅನಂತಪುರ, ಕೋಲಾರಗಳ ಭಾಗಗಳನ್ನೂ ಒಳಗೊಂಡು 'ನೊಳಂಬವಾಡಿ 32000' ಎಂದು ಹೆಸರಾದ ನಾಡಿನ ಒಡೆತನವು ಈ ಊರಿನಿಂದ ನಡೆಯುತ್ತಿದ್ದಿತು.

ಚಳ್ಳಕೆರೆಯವರಿಗೂ ಮೊಳಕಾಲ್ಮೂರಿನವರಿಗೂ ಇತಿಹಾಸವೆಂದೊಡನೆ ದುರ್ಗದ ಪಾಳೆಯಗಾರರು ನೆನಪಾಗುವುದು ಸಹಜ. ಆದರೆ ಮದಕರಿ ನಾಯಕನಿಗೆ ಎಂಟೊಂಬತ್ತು ಶತಮಾನಗಳಷ್ಟು ಮುಂಚೆಯೇ ಈ ಬಯಲಿಗೆ ತನ್ನದೇ ಆದ ಅರಸುಮನೆಯಿದ್ದಿತು. ಆ ಮನೆತನದ ಆದಿಪುರುಷರ ಹೆಸರುಗಳನ್ನು ಹೊತ್ತ ಶಾಸನಗಳು ಚಳ್ಳಕೆರೆ ತಾಲ್ಲೂಕಿನಲ್ಲಿಯೇ ದೊರೆತಿವೆ. ಈ ಸೀಮೆಯ ಒಕ್ಕಲು ಜನರಲ್ಲಿ ನೊಣಬರೆಂಬ ಹೆಸರು ಉಳಿದುಬಂದಿರುವುದೂ ಆ ನೊಳಂಬರಿಂದಲೇ.

ಮಂಗಳ ನೊಳಂಬಾಧಿರಾಜ, ಅವನ ಮಗ ಸಿಂಹಪೋತ, ಅವನ ಮಗ ಚಾರುಪೊನ್ನೇರ, ಅವನ ಮಗ ಪೊಳಲ್ಚೋರ: ಹೇಮಾವತಿಯ ಕಂಬದ ಶಾಸನವು ವಂಶವನ್ನು ಹೀಗೆ ಹೇಳಿಕೊಂಡು ಹೋಗುತ್ತದೆ. ಆ ಪೊಳಲ್ಚೋರನ ಕೈಹಿಡಿದವಳು ಜಾಯಬ್ಬೆ.

ಆ ಮದುವೆಯ ಹಿಂದೆ ಗಂಗರ ಸಂಕಟದ ದೊಡ್ಡದೊಂದು ಕಥೆಯುಂಟು. ರಾಷ್ಟ್ರಕೂಟರ ಧ್ರುವನು ಗಂಗವಾಡಿಯ ಇಮ್ಮಡಿ ಶಿವಮಾರನನ್ನು ಸೆರೆಹಿಡಿದನು. ಮೂರನೆಯ ಗೋವಿಂದನು ಬಿಡುಗಡೆ ಮಾಡಿ, ಶಿವಮಾರನು ತಿರುಗಿಬಿದ್ದಾಗ ಮತ್ತೆ ಸೆರೆಯಲ್ಲಿಟ್ಟನು. ಗಂಗರ ಅಂಕಿತದಲ್ಲಿದ್ದ ನೊಳಂಬರು ಈ ನಡುವೆ ರಾಷ್ಟ್ರಕೂಟರ ಕಡೆಗೆ ಸರಿದರು. ಸುಮಾರು 816ರಲ್ಲಿ ಪಟ್ಟಕ್ಕೆ ಬಂದ ರಾಜಮಲ್ಲನ ಎದುರಿಗಿದ್ದುದು ಅರ್ಧ ಕೈಬಿಟ್ಟ ರಾಜ್ಯ, ಬಡಗಲಲ್ಲಿ ಮಹಾಶತ್ರು, ಆ ಶತ್ರುವಿಗೂ ತನಗೂ ನಡುವೆ ನೊಳಂಬರ ನಾಡು.

ಈ ನಡುವಿನ ನಾಡನ್ನು ಒಲಿಸಿಕೊಳ್ಳಲು ರಾಜಮಲ್ಲನು ಸೈನ್ಯವನ್ನು ಕಳುಹಿಸಲಿಲ್ಲ. ಸಿಂಹಪೋತನ ಮೊಮ್ಮಗಳನ್ನು, ಎಂದರೆ ಪೊಳಲ್ಚೋರನ ತಂಗಿಯನ್ನು, ತಾನು ಮದುವೆಯಾದನು. ತನ್ನ ಮಗಳು ಜಾಯಬ್ಬೆಯನ್ನು ಪೊಳಲ್ಚೋರನಿಗೇ ಧಾರೆಯೆರೆದನು. ನಮ್ಮ ಹಳ್ಳಿಗಳ ಹಿರಿಯರು ಇಂದಿಗೂ ಗಟ್ಟಿಯೆಂದು ನಂಬುವ 'ಕೊಟ್ಟು ತಂದ ಸಂಬಂಧ'ವಿದು. ಒಂದು ಮನೆಯ ಹೆಣ್ಣು ನೊಂದರೆ ಇನ್ನೊಂದು ಮನೆಯ ಹೆಣ್ಣಿಗೂ ನೋವು ತಟ್ಟುವುದಾದ್ದರಿಂದ, ಎರಡು ಮನೆಗಳೂ ಒಂದನ್ನೊಂದು ಕಾಯ್ದುಕೊಂಡು ನಡೆಯಬೇಕಾಗುತ್ತದೆ.

ಈ ಒಪ್ಪಂದದ ಪತ್ರವೂ ಮುದ್ರೆಯೂ ಸಾಕ್ಷಿಯೂ ಆ ಇಬ್ಬರು ಹೆಣ್ಣುಮಕ್ಕಳೇ ಆಗಿದ್ದರೆಂಬುದನ್ನು ನಮ್ಮ ಚರಿತ್ರೆಯ ಪುಸ್ತಕಗಳು ಒಂದು ವಾಕ್ಯದಲ್ಲಿ ದಾಟಿ ಮುಂದಿನ ಯುದ್ಧಕ್ಕೆ ಧಾವಿಸುತ್ತವೆ. ಯುದ್ಧವಿಲ್ಲದೆ ಕಳೆದ ಒಂದು ತಲೆಮಾರು ಯುದ್ಧಕ್ಕಿಂತ ಕಡಿಮೆಯ ಸಂಗತಿಯೆಂದು ನಾನು ಎಣಿಸಲಾರೆ.

ಆ ತಲೆಮಾರಿನ ನೆಮ್ಮದಿಗೆ ಕುರುಹುಗಳುಂಟು. ರಾಜಮಲ್ಲನ ತರುವಾಯ ಪಟ್ಟವೇರಿದ ನೀತಿಮಾರ್ಗನು ಜಾಯಬ್ಬೆಯ ಅಣ್ಣ. ಆತನ ಆಳ್ವಿಕೆಯಲ್ಲಿ ಭಾವನಾದ ಪೊಳಲ್ಚೋರನು 'ಗಂಗ 6000' ಎಂಬ ನಾಡನ್ನು ಆಳುತ್ತಿದ್ದನೆಂದು ಶಾಸನವು ಹೇಳುತ್ತದೆ. ಅಣ್ಣನು ತಂಗಿಯ ಗಂಡನಿಗೆ ತನ್ನ ಮನೆತನದ ಹೆಸರನ್ನೇ ಹೊತ್ತ ನಾಡನ್ನು ಒಪ್ಪಿಸಿದ್ದನೆಂದರೆ, ಹೆಂಜೇರಿನ ಅರಮನೆಯಲ್ಲಿ ಜಾಯಬ್ಬೆಯ ಮಾತಿಗೆ ಎಷ್ಟು ತೂಕವಿದ್ದೀತೆಂದು ಊಹಿಸುವುದು ಕಷ್ಟವಲ್ಲ.

ಅಣ್ಣನ ಅಂತ್ಯಕಾಲವು ಕಲ್ಲಿನಲ್ಲಿ ಮೂಡಿದೆ. ತಿರುಮಕೂಡಲು ನರಸೀಪುರದ ಸೀಮೆಯ ದೊಡ್ಡಹುಂಡಿಯಲ್ಲಿ ದೊರೆತ ಸ್ಮಾರಕಶಿಲೆಯಲ್ಲಿ ನೀತಿಮಾರ್ಗನು ಮಂಚದ ಮೇಲೆ ಒರಗಿದ್ದಾನೆ. ಆತನ ಮೈಯನ್ನು ಆತುಕೊಂಡು ಅಗರಯ್ಯನೆಂಬ ಮನೆವಾಳ್ತೆಯ ಸೇವಕನಿದ್ದಾನೆ. ಬಳಿಯಲ್ಲಿ ಮಗ ಸತ್ಯವಾಕ್ಯನು ನಿಂತಿದ್ದಾನೆ. ರಾಜರ ಮರಣವನ್ನು ರಣರಂಗದಲ್ಲಲ್ಲದೆ ಮನೆಯೊಳಗೆ ಇಷ್ಟು ಹತ್ತಿರದಿಂದ ಕಂಡು ಕೆತ್ತಿದ ಶಿಲೆಗಳು ಕರ್ನಾಟಕದಲ್ಲಿ ಬಹಳ ಇಲ್ಲ. ಮಂಚದ ಬಳಿ ಹೆಣ್ಣುಮಕ್ಕಳಾರೂ ಇಲ್ಲದಿದ್ದರೂ, ಆ ಶಿಲೆಯ ಚಿತ್ರವನ್ನು ನೋಡಿದಾಗಲೆಲ್ಲ ಹೆಂಜೇರಿಗೆ ಸುದ್ದಿ ತಲುಪಿದ ಹಗಲು ನನ್ನ ಕಣ್ಣ ಮುಂದೆ ಸುಳಿಯುತ್ತದೆ.

ಒಂದು ಚೌಕಟ್ಟು: ಮಗಳೊಡನೆ ಹೋದ ನಾಡುಗಳು
*ರಾಷ್ಟ್ರಕೂಟರೂ ಗಂಗರೊಡನೆ ಕಾದಾಡಿ ಕಾದಾಡಿ ಕೊನೆಗೆ ಬೀಗತನಕ್ಕೆ ಬಂದರು. ಅಮೋಘವರ್ಷ ನೃಪತುಂಗನು ತನ್ನ ಮಗಳು ಚಂದ್ರೋಬಲಬ್ಬೆಯನ್ನು ನೀತಿಮಾರ್ಗನ ಮಗ ಬೂತುಗನಿಗೆ ಕೊಟ್ಟನು. ಮುಂದಿನ ಶತಮಾನದಲ್ಲಿ ಮೂರನೆಯ ಕೃಷ್ಣನ ಅಕ್ಕ ರೇವಕನಿಮ್ಮಡಿಯು ಇಮ್ಮಡಿ ಬೂತುಗನ ಕೈಹಿಡಿದಾಗ ಪುಲಿಗೆರೆ 300, ಬೆಳ್ವೊಲ 300, ಕಿಸುಕಾಡು 70, ಬಾಗೆನಾಡು 70 ಇವು ಬಳುವಳಿಯಾಗಿ ಗಂಗರಿಗೆ ಸಂದುವು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದು ಕೃಷ್ಣನಿಗೆ ಜಯ ತಂದವನು ಈ ಭಾವ ಬೂತುಗನೇ.*

ಜಾಯಬ್ಬೆಯ ಮಗ ಮಹೇಂದ್ರ. ನೊಳಂಬರಲ್ಲಿ ಇವನಷ್ಟು ದೂರ ಕೈಚಾಚಿದವನು ಇನ್ನೊಬ್ಬನಿಲ್ಲ. ಬಾಣರನ್ನು ಮುರಿದು 'ಮಹಾಬಲಿಕುಲವಿಧ್ವಂಸನ'ನೆಂಬ ಬಿರುದನ್ನು ಧರಿಸಿ, ತೆಂಕಣದಲ್ಲಿ ಇಂದಿನ ತಮಿಳುನಾಡಿನ ಧರ್ಮಪುರಿಯವರೆಗೆ ತನ್ನ ಅಧಿಕಾರವನ್ನು ವಿಸ್ತರಿಸಿದನು. ಸಿರಾ ಸೀಮೆಯ ಬರಗೂರಿನಲ್ಲಿ 878ರ ಇವನ ಶಾಸನವಿದೆ. ಧರ್ಮಪುರಿಯ ಕಂಬದ ಮೇಲೆ 893ರ ಶಾಸನವಿದ್ದು, ಅಲ್ಲಿನ ಬಸದಿಗೆ ಬಿಟ್ಟ ಊರಿನ ವಿವರವನ್ನು ಅದು ಹೇಳುತ್ತದೆ. ಇವನ ರಾಣಿಯರಲ್ಲಿ ಕದಂಬವಂಶದ ದಿವಬ್ಬರಸಿಯು ಮುಳಬಾಗಿಲಿನ ಬಳಿಯ ಆವನಿಯಲ್ಲಿ ದೇವಾಲಯವನ್ನು ಕಟ್ಟಿಸಿದಳು. ಅತ್ತೆ ಗಂಗರವಳು, ಸೊಸೆ ಕದಂಬರವಳು. ಕರ್ನಾಟಕದ ಅತ್ಯಂತ ಹಳೆಯ ಎರಡು ಅರಸುಮನೆಗಳ ರಕ್ತವು ಹೆಂಜೇರಿನ ಈ ಒಂದು ಮನೆಯಲ್ಲಿ ಕೂಡಿತು.

ಆದರೆ ಮಗನು ಬಲಿಷ್ಠನಾದಷ್ಟೂ ತಾಯಿಯ ತವರಿಗೆ ಭಯವಾಯಿತು.

ಗಂಗರಲ್ಲಿ ಬೂತುಗನ ಮಗ ಎರೆಯಪ್ಪನು ಅಷ್ಟರಲ್ಲಿ ಪ್ರಬಲನಾಗಿದ್ದನು. ಸಂಬಂಧವನ್ನು ಬಿಡಿಸಿ ನೋಡಿದರೆ, ಮಹೇಂದ್ರನು ಎರೆಯಪ್ಪನಿಗೆ ತಂದೆಯ ಸೋದರತ್ತೆಯ ಮಗ. ಸೋದರತ್ತೆಯ ಮಗನೆಂದರೆ ನಮ್ಮ ಸೀಮೆಯಲ್ಲಿ ಹೆಣ್ಣು ಕೇಳುವ ಹಕ್ಕುಳ್ಳವನು, ಹಸೆಗೆ ಕರೆಯುವವರಲ್ಲಿ ಮೊದಲಿಗನು. ಎರೆಯಪ್ಪನು ಆತನನ್ನು ಯುದ್ಧದಲ್ಲಿ ಮುಗಿಸಿ, ಆ ಕೃತ್ಯವನ್ನೇ ಹೆಸರಾಗಿಸಿಕೊಂಡು 'ಮಹೇಂದ್ರಾಂತಕ'ನೆನಿಸಿದನು.

ಶಾಸನಗಳ ಬಿರುದುಗಳನ್ನು ಓದುವ ಅಭ್ಯಾಸವುಳ್ಳವರಿಗೆ ಅಂತಕ, ವಿಧ್ವಂಸನ ಮೊದಲಾದ ಪದಗಳು ಕಿವಿಗೆ ಸವೆದುಹೋಗಿರುತ್ತವೆ. ಈ ಬಿರುದಿನೊಳಗೆ ಒಬ್ಬ ತಾಯಿಯ ಮಗನಿದ್ದಾನೆ, ಆ ತಾಯಿ ಬಿರುದು ಧರಿಸಿದವನ ಮನೆಯಿಂದಲೇ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಹೊರಟವಳು ಎಂಬುದನ್ನು ನೆನೆದಾಗ ಮಾತ್ರ ಅದರ ಕಠೋರತೆ ತಿಳಿಯುತ್ತದೆ.

ಇದೆಲ್ಲ ನಡೆದ ನಾಡಿನಲ್ಲಿಯೇ, ಇವರೆಲ್ಲರಿಗೂ ಸಾವಿರ ವರ್ಷಗಳಿಗೂ ಮುಂಚೆ, ಬಾಂಧವ್ಯವನ್ನು ಕುರಿತ ರಾಜಾಜ್ಞೆಯೊಂದು ಬಂಡೆಯ ಮೇಲೆ ಕೊರೆಯಲ್ಪಟ್ಟಿದ್ದಿತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ತಾಯಿತಂದೆಯರ ಸೇವೆ, ಜೀವಿಗಳಲ್ಲಿ ದಯೆ, ಸತ್ಯವಚನ, ಗುರುಗಳಲ್ಲಿ ಗೌರವ ಇವುಗಳ ಸಾಲಿನಲ್ಲಿ ಬಂಧುಗಳೊಡನೆ ತಕ್ಕ ರೀತಿಯಲ್ಲಿ ನಡೆದುಕೊಳ್ಳಬೇಕೆಂಬುದನ್ನೂ ವಿಧಿಸುತ್ತವೆ. ಈ ಆಜ್ಞೆಯು ಸುವರ್ಣಗಿರಿಯಲ್ಲಿದ್ದ 'ಆರ್ಯಪುತ್ರ'ನ, ಎಂದರೆ ರಾಜಕುಮಾರನ, ಮೂಲಕ ಇಸಿಲವೆಂಬ ಊರಿನ ಮಹಾಮಾತ್ರರಿಗೆ, ಎಂದರೆ ಅಧಿಕಾರಿಗಳಿಗೆ, ಬಂದಿತು. ಪಾಟಲಿಪುತ್ರದ ಚಕ್ರವರ್ತಿ ಈ ದೂರದ ಬಯಲಿನ ಜನರಿಗೆ ಹೇಳಲೇಬೇಕೆಂದು ಆರಿಸಿಕೊಂಡ ಕೆಲವೇ ಮಾತುಗಳಲ್ಲಿ ಬಂಧುಗಳ ಮಾತೂ ಒಂದಾಗಿತ್ತು.

ಎರಡನೆಯ ಚೌಕಟ್ಟು: ಡಾರ್ಮ್‌ಸ್ಟಾಟ್‌ನ ಹುಡುಗಿ
*ಜರ್ಮನಿಯ ಸಣ್ಣ ಸಂಸ್ಥಾನಗಳು ಯುರೋಪಿನ ಸಿಂಹಾಸನಗಳಿಗೆಲ್ಲ ಸೊಸೆಯರನ್ನು ಕೊಟ್ಟವು. ಆನ್‌ಹಾಲ್ಟ್ ಜೆರ್ಬ್‌ಸ್ಟ್‌ನ ಸೋಫಿಯು ರಷ್ಯಕ್ಕೆ ಹೋಗಿ 1762ರಲ್ಲಿ ಸಾಮ್ರಾಜ್ಞಿ ಕ್ಯಾಥರೀನ್ ಆದಳು. ಮೆಕ್ಲೆನ್‌ಬರ್ಗ್ ಸ್ಟ್ರೆಲಿಟ್ಜ್‌ನ ಷಾರ್ಲಟ್ 1761ರಲ್ಲಿ, ತನ್ನ 17ನೆಯ ವಯಸ್ಸಿನಲ್ಲಿ, ಲಂಡನ್ ಮುಟ್ಟಿದ ದಿನವೇ ಮೂರನೆಯ ಜಾರ್ಜನ ಕೈಹಿಡಿದು 15 ಮಕ್ಕಳ ತಾಯಿಯಾದಳು.*
*ಹೆಸ್ಸೆಯ ಆಲಿಕ್ಸ್ ಕಥೆ ಇವರಿಗಿಂತ ಜಾಯಬ್ಬೆಗೆ ಹತ್ತಿರ. 1872ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಜನನ; ವಿಕ್ಟೋರಿಯಾ ರಾಣಿಗೆ ಮಗಳ ಮಗಳು; 1894ರಲ್ಲಿ ರಷ್ಯದ ಎರಡನೆಯ ನಿಕೊಲಸನೊಡನೆ ವಿವಾಹ. 1914ರಲ್ಲಿ ಯುದ್ಧ ಸಿಡಿದಾಗ ಗಂಡನ ಸೈನ್ಯ ಒಂದು ಕಡೆ, ಒಡಹುಟ್ಟಿದ ಅಣ್ಣ ಆಳುತ್ತಿದ್ದ ಹೆಸ್ಸೆಯ ಸೈನ್ಯ ಇನ್ನೊಂದು ಕಡೆ. ಜರ್ಮನಿಯ ಚಕ್ರವರ್ತಿ ವಿಲ್‌ಹೆಲ್ಮ್, ಇಂಗ್ಲೆಂಡಿನ ಐದನೆಯ ಜಾರ್ಜ್ ಇಬ್ಬರೂ ಅವಳ ಅಜ್ಜಿಯ ಮೊಮ್ಮಕ್ಕಳೇ. 1918ರ ಜುಲೈ 17ರಂದು ಗಂಡ ಮತ್ತು ಐವರು ಮಕ್ಕಳೊಡನೆ ಅವಳನ್ನು ಗುಂಡಿಕ್ಕಿ ಕೊಂದರು.*

ಮಹೇಂದ್ರನೊಡನೆ ನಂಟು ಹರಿಯಿತೆಂದರೆ ಪೂರ್ತಿ ಹರಿಯಲಿಲ್ಲ. ಅವನ ಮಗ ಅಯ್ಯಪದೇವನ ಕಾಲಕ್ಕೆ ಅದೇ ಎರೆಯಪ್ಪನು ನೊಳಂಬರ ಸಹಾಯಕ್ಕೆ ನಿಂತುದನ್ನು ಬೆಂಗಳೂರಿನ ಬೇಗೂರಿನ ವೀರಗಲ್ಲು ಸಾರುತ್ತದೆ. ಅಯ್ಯಪನಿಗೂ ವೀರಮಹೇಂದ್ರನೆಂಬ ಬೇರೊಬ್ಬನಿಗೂ ಯುದ್ಧವು ಹತ್ತಿದಾಗ ಎರೆಯಪ್ಪನು ತನ್ನ ಸಾಮಂತ ನಾಗತ್ತರನನ್ನು ನೆರವಿಗಾಗಿ ಕಳುಹಿದನು. ತುಂಬೆಪಾಡಿಯಲ್ಲಿ ಆನೆಗಳ ತಳ್ಳಾಟದ ನಡುವೆ ಕಾದಾಡುತ್ತ ನಾಗತ್ತರನು ಬಿದ್ದನು.

ಆ ಕಲ್ಲನ್ನು ಹತ್ತಿರ ನಿಂತು ನೋಡಬೇಕು. ಬಿಲ್ಲು ಹಿಡಿದವರು, ಕತ್ತಿ ಹಿರಿದವರು, ಕುದುರೆಯೇರಿದವರು, ಬಿದ್ದವರ ಮೇಲೆ ಬಿದ್ದವರು, ಒಬ್ಬರ ಮೈಗೆ ಒಬ್ಬರ ಮೈ ಒತ್ತಿ ಕಲ್ಲಿನ ಅಂಚಿನವರೆಗೂ ತುಂಬಿಕೊಂಡಿದ್ದಾರೆ. ಮಡಿದವನಿಗಾಗಿ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರಪಟ್ಟವನ್ನು ಕಟ್ಟಿ 'ಬೆಂಪೂರು 12'ರ ಊರುಗಳನ್ನು ಕೊಟ್ಟನು. ಕಾದಾಟಕ್ಕೆ ಕಾರಣನಾದ ಅಯ್ಯಪನು ಜಾಯಬ್ಬೆಯ ಮೊಮ್ಮಗ, ನೆರವು ಕಳುಹಿದವನು ಅವಳ ಅಣ್ಣನ ಮೊಮ್ಮಗ. ತಂದೆಯನ್ನು ಕೊಂದ ಮನೆಯಿಂದಲೇ ಮಗನಿಗೆ ನೆರವು ಬಂದಿತು. ಆ ನೆರವಿನ ಬೆಲೆಯನ್ನು ತೆತ್ತವನು, ಈ ಬಾಂಧವ್ಯದಲ್ಲಿ ಯಾವ ಪಾಲೂ ಇಲ್ಲದ ನಾಗತ್ತರ.

ಅಲ್ಲಿಂದ ಮುಂದೆ ಇಳಿಜಾರು. ಅಯ್ಯಪನ ಮಗ ಅಣ್ಣಿಗನು ಕೊಟ್ಟಮಂಗಲದಲ್ಲಿ ಗಂಗರ ಮೂರನೆಯ ರಾಚಮಲ್ಲನಿಗೆ ಸೋತನು. 940ರ ಸುಮಾರಿಗೆ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಸೋತನು. ಅವನ ತಮ್ಮ ದಿಲೀಪನು ರಾಷ್ಟ್ರಕೂಟರ ಮೇಲ್ವಿಚಾರಣೆಯಲ್ಲಿ ಆಳಿದನು.

ಕೊನೆಯ ಪೆಟ್ಟೂ ತವರಿನಿಂದಲೇ ಬಂದಿತು. 963ರಲ್ಲಿ ಗಂಗರ ಪಟ್ಟಕ್ಕೆ ಬಂದ ಮಾರಸಿಂಹನು ಎರೆಯಪ್ಪನ ಮೊಮ್ಮಗ, ಇಮ್ಮಡಿ ಬೂತುಗನ ಮಗ, ಜಾಯಬ್ಬೆಯ ಅಣ್ಣನ ಮಗನಿಂದ ಎಣಿಸಿದರೆ ನಾಲ್ಕನೆಯ ತಲೆಮಾರಿನವನು. ನಮ್ಮ ಚಿತ್ರದುರ್ಗಕ್ಕೆ ದೂರವಲ್ಲದ ಉಚ್ಚಂಗಿಯ ದುರ್ಗವನ್ನು ಹಿಡಿದು, ನೊಳಂಬರನ್ನು ಸದೆಬಡಿದು, ಒಬ್ಬ ಅರಸನ ಹೆಸರಿಗಲ್ಲ, ಇಡೀ ಕುಲದ ಹೆಸರಿಗೇ ಅಂತಕನಾಗಿ 'ನೊಳಂಬಕುಲಾಂತಕ'ನೆನಿಸಿದನು. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದಲ್ಲಿ ಕೂಗೆ ಬ್ರಹ್ಮದೇವರ ಕಂಬದ ಮೇಲೆ ಅವನ ವಿಜಯಗಳು ಸಾಲುಗಟ್ಟಿವೆ.

ಆದರೂ ಈ ಕುಲಾಂತಕನನ್ನು ಕೇವಲ ಕ್ರೂರಿಯೆಂದು ಬಿಟ್ಟುಬಿಡುವಂತಿಲ್ಲ. ರಾಷ್ಟ್ರಕೂಟ ಸಾಮ್ರಾಜ್ಯವು ಕುಸಿಯುತ್ತಿದ್ದಾಗ, ತನ್ನ ಸೋದರಿಯ ಮಗನಾದ ನಾಲ್ಕನೆಯ ಇಂದ್ರನಿಗೆ ಪಟ್ಟ ಕಟ್ಟಿಸಿ ಆ ಮನೆತನವನ್ನು ಉಳಿಸಲು ಹೆಣಗಿದವನೂ ಇವನೇ. ಒಂದು ಬಾಂಧವ್ಯಕ್ಕಾಗಿ ಪ್ರಾಣ ಪಣಕ್ಕಿಟ್ಟವನು ಇನ್ನೊಂದನ್ನು ಬೇರುಸಹಿತ ಕಿತ್ತನು. ಹತ್ತಿರದ ಸೋದರಿಯು ಕಂಡಳು, ನೂರೈವತ್ತು ವರ್ಷಗಳ ಹಿಂದೆ ಹೆಂಜೇರಿಗೆ ಹೋದ ಹೆಣ್ಣುಮಗಳು ಕಾಣದೆ ಹೋದಳು. ಪ್ರಯತ್ನವು ಫಲಿಸದೆ, ಮಾರಸಿಂಹನು 975ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. ಸೋದರಳಿಯ ಇಂದ್ರನೂ 982ರಲ್ಲಿ ಶ್ರವಣಬೆಳ್ಗೊಳದಲ್ಲಿ ಅದೇ ವ್ರತವನ್ನು ಕೈಕೊಂಡನು.

ಮೂರನೆಯ ಚೌಕಟ್ಟು: ಕೊಡಗಿನ ಗೌರಮ್ಮ
*ಕನ್ನಡ ನಾಡಿನ ರಾಜಪುತ್ರಿಯೊಬ್ಬಳು ಜರ್ಮನ್ ರಕ್ತದ ಅರಮನೆಯ ಮಡಿಲಿಗೇ ಬಿದ್ದದ್ದೂ ಉಂಟು. 1834ರಲ್ಲಿ ಪದಚ್ಯುತನಾದ ಕೊಡಗಿನ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. 1852ರಲ್ಲಿ ತಂದೆಯೊಡನೆ ಲಂಡನ್‌ಗೆ ಹೋದ ಅವಳಿಗೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನವಾದಾಗ, ತಾಯಿಯ ಕಡೆಯಿಂದ ಜರ್ಮನ್ ರಾಜಕುಮಾರಿಯ ಮಗಳಾದ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನಿತ್ತಳು. ಜರ್ಮನ್ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದನು.*
*ಪಂಜಾಬಿನ ದುಲೀಪ್ ಸಿಂಗನಿಗೆ ಅವಳನ್ನು ಕೊಡಬೇಕೆಂಬ ರಾಣಿಯ ಆಸೆ ಕೈಗೂಡಲಿಲ್ಲ. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಸೇನಾಧಿಕಾರಿ ಜಾನ್ ಕ್ಯಾಂಬೆಲ್‌ನೊಡನೆ ಮದುವೆ, ಮರುವರ್ಷ ಮಗಳು ಈಡಿತ್, 1864ರಲ್ಲಿ ಕ್ಷಯದಿಂದ ಮರಣ. ಗೌರಮ್ಮನ ಸೋದರಿಯೊಬ್ಬಳು ನೇಪಾಳದ ಜಂಗ್ ಬಹಾದೂರ್ ರಾಣಾನ ಮನೆ ಸೇರಿದ್ದಳು. ಕೊಡಗಿನ ಹಾಲೇರಿ ಅರಸುಮನೆತನದ ನಂಟು ಹೀಗೆ ಒಂದೇ ತಲೆಮಾರಿನಲ್ಲಿ ಥೇಮ್ಸ್ ತೀರಕ್ಕೂ ಕಠ್ಮಂಡುವಿಗೂ ಹರಡಿತು.*

ನೊಳಂಬರ ಅರಸೊತ್ತಿಗೆ ಹೋದರೂ ಅವರು ಕಡೆಯಿಸಿದ ಕಲ್ಲುಗಳು ಉಳಿದಿವೆ, ಎಲ್ಲವೂ ಹೇಮಾವತಿಯಲ್ಲಲ್ಲ. ದೊಡ್ಡೇಶ್ವರನ ಗುಡಿಯಲ್ಲಿ ನುಣುಪಾದ ಕರಿಯ ಕಲ್ಲಿನ ಕಂಬಗಳೂ, ಬಳ್ಳಿಗಳ ಸುರುಳಿಯ ನಡುವೆ ಬೆಳಕು ಸೋಸಿ ಬರುವಂತೆ ಕೊರೆದ ಜಾಲಂಧ್ರಗಳೂ ಇವೆ. ಗುಡಿಗೆ ಬೆಳಕು ಬೇಕೆಂದು ಗೋಡೆಗೆ ಕಂಡಿ ಬಿಡುವ ಬದಲು ಒಂದೇ ಚಪ್ಪಡಿಯಲ್ಲಿ ದೇವತೆಗಳನ್ನೂ ಹೂಬಳ್ಳಿಯನ್ನೂ ಬಿಡಿಸಿದ ಕೈಗಳನ್ನು ಎಷ್ಟು ಹೊಗಳಿದರೂ ಸಾಲದು. ಹಲವು ಶಿಲ್ಪಗಳು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದುವು, ಸಿ. ಶಿವರಾಮಮೂರ್ತಿಗಳು ಅವನ್ನು ಕುರಿತು ಒಂದು ಗ್ರಂಥವನ್ನೇ ಬರೆದರು. ಕಾವೇರಿಯ ತೀರದ ತಿರುವೈಯಾರಿನ ದೇವಾಲಯದಲ್ಲಿಯೂ ನೊಳಂಬರ ಕಂಬಗಳು ನಿಂತಿವೆ. ಮುಂದೆ ಈ ನಾಡನ್ನು ಗೆದ್ದ ಚೋಳರು ಹೊತ್ತುಕೊಂಡು ಹೋಗುವಷ್ಟು ಚೆಲುವು ಅವುಗಳಲ್ಲಿದ್ದಿತು.

ಹೇಮಾವತಿಗೆ ಹೋಗುವ ಯಾತ್ರಿಕರು ಸಿದ್ಧೇಶ್ವರನಿಗೆ ಕೈಮುಗಿದು ಹಿಂದಿರುಗುತ್ತಾರೆ. ಗುಡಿಯ ಅಂಗಳದಲ್ಲಿ ಈ ಊರಿಗೆ ಸೊಸೆಯಾಗಿ ಬಂದು ಮಹೇಂದ್ರನನ್ನು ಹೆತ್ತ ಜಾಯಬ್ಬೆಯ ಹೆಸರನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದು ನಿಲ್ಲಿಸಬೇಕು. ಚಳ್ಳಕೆರೆಯ ಶಾಲೆಗಳ ಮಕ್ಕಳನ್ನು ಹಂಪೆಗೆ ಕರೆದೊಯ್ಯುವ ಉಪಾಧ್ಯಾಯರು ಒಂದು ವರ್ಷವಾದರೂ ಹೆಂಜೇರಿನ ಹಾದಿ ಹಿಡಿಯಬೇಕು. ತಮ್ಮ ಹೊಲಗಳಿಗೂ ಒಬ್ಬ ಅರಸಿಯಿದ್ದಳೆಂಬುದು ಈ ನೆಲದ ಹೆಣ್ಣುಮಕ್ಕಳಿಗೆ ತಿಳಿಯಬೇಡವೆ?

ಕುಲಾಂತಕನೆಂಬ ಬಿರುದೂ ನಿಜವಾಗಲಿಲ್ಲ. ಮಾರಸಿಂಹನ ತರುವಾಯವೂ ನೊಳಂಬರ ಕವಲುಗಳು ಚಾಲುಕ್ಯರ ಸಾಮಂತರಾಗಿ ಚಿಗುರಿದುವು. ಮಾರಸಿಂಹನು ತೀರಿಕೊಂಡು ಒಂದು ಶತಮಾನ ಕಳೆಯುವಷ್ಟರಲ್ಲಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಸೋಮೇಶ್ವರನ ಮಗ ಜಯಸಿಂಹನು, ತಾನು ಹುಟ್ಟಿನಿಂದ ಚಾಲುಕ್ಯನಾಗಿದ್ದರೂ, ಈ ನಾಡನ್ನಾಳುವುದಕ್ಕಾಗಿ 'ವೀರನೊಳಂಬ ಪಲ್ಲವ ಪೆರ್ಮಾನಡಿ' ಎಂಬ ಹೆಸರನ್ನು ಧರಿಸಿದನು. ಅಳಿಸಿದರೆಂದು ಕಂಬಗಳ ಮೇಲೆ ಸಾರಿದ ಹೆಸರನ್ನು ಚಕ್ರವರ್ತಿಯ ಮಗನೇ ಬೇಡಿ ಹೊತ್ತುಕೊಂಡನು. ಅವನ ಕಾಲದ ಶಾಸನವೊಂದು ಮೊಳಕಾಲ್ಮೂರಿನ ಜಟಿಂಗ ರಾಮೇಶ್ವರದ ಬೆಟ್ಟದಲ್ಲಿಯೇ, ಅಶೋಕನ ಆಜ್ಞೆಯಿರುವ ಬೆಟ್ಟದಲ್ಲಿಯೇ ಇದೆ. ಮುಂದೆ ಈ ಜಯಸಿಂಹನು ತನ್ನ ಒಡಹುಟ್ಟಿದ ಅಣ್ಣ ಆರನೆಯ ವಿಕ್ರಮಾದಿತ್ಯನ ಮೇಲೆ ದಂಡೆತ್ತಿ ಹೋಗಿ ಸೋತು ಸೆರೆಯಾದನು.